ಬರೆಯೋ ಹೆಸರು, ಕರೆಯೋ ಹೆಸರು

ಕೊಲ್ಹಾಪುರದ ಶಾಖೆಗೆ ವರ್ಗವಾಗಿ ಬಂದ ಮೊದಲ ದಿನವೇ ನನ್ನ ಹೆಸರಿನ ತಕರಾರು ಶುರುವಾಯಿತು. ನಾನು ಹಾಸನದ ಕಡೆಯವನು. ಎರಡು ಇನಿಷಿಯಲ್ಲು, ಮುಂದೆ ಒಂದು ಶ್ರೀನಿವಾಸ, ಇಷ್ಟೇ ನನ್ನ ಆಸ್ತಿ. ‘ಆಡನಾವ್ ಕಾಯ್, ಸಾಹೇಬ್?’ ಎಂದು ಹೆಡ್‌ಕ್ಲರ್ಕು ಕೇಳಿದರು. ಅಡ್ಡಹೆಸರು ಇಲ್ಲ ಅಂದೆ. ಮನೆತನವೇ ಇಲ್ಲದವನನ್ನು ನೋಡುವಂತೆ ನೋಡಿ, ಇನಿಷಿಯಲ್ಲಿನ ಊರನ್ನು ಬಿಡಿಸಿ ಕೊನೆಗೆ ಹಾಕಿ, ಅದಕ್ಕೊಂದು ‘ಕರ್’ ಅಂಟಿಸಿದರು. ನಲವತ್ತರ ಹತ್ತಿರ ಬಂದ ಮೇಲೆ ನನಗೆ ಹೊಸ ಮನೆತನವೊಂದು ದಕ್ಕಿತು. ರೇಷನ್ ಕಾರ್ಡಿನಲ್ಲಿ ಒಂದು ಥರ, ಗ್ಯಾಸ್ ಪುಸ್ತಕದಲ್ಲಿ ಇನ್ನೊಂದು ಥರ. ಹೊರನಾಡಿನಲ್ಲಿರುವ ಹಳೇ ಮೈಸೂರಿನವರಿಗೆಲ್ಲ ಈ ಫಜೀತಿ ಗೊತ್ತೇ ಇದೆ. ಆದರೆ ನಾನು ಹೇಳಹೊರಟಿದ್ದು ಪೋಲೆಂಡಿನ ಜನರ ಹೆಸರುಗಳ ವಿಷಯ. ಆ ಹುಚ್ಚು ಹಚ್ಚಿದ್ದೂ ಇದೇ ಕೊಲ್ಹಾಪುರ.

1998ರ ಸುಮಾರಿನ ಮಾತು. ಒಂದು ಬೆಳಿಗ್ಗೆ ಏಳೆಂಟು ಜನ ವಯಸ್ಸಾದ ಬಿಳಿಯರು ಶಾಖೆಗೆ ಬಂದರು. ಟ್ರಾವೆಲರ್ಸ್ ಚೆಕ್ಕು ಮುರಿಸಬೇಕಿತ್ತು. ಒಬ್ಬ ಹೆಂಗಸಿನ ಫಾರಂ ನನ್ನ ಮೇಜಿಗೆ ಬಂತು. ಫಾರಮ್ಮಿನಲ್ಲಿ ಹೆಸರು ‘ಗೋಶಾ’ ಅಂತಿದೆ, ಪಾಸ್‌ಪೋರ್ಟಿನಲ್ಲಿ ‘ಮಾವ್ಗೊಝಾತಾ’ ಅಂತಿದೆ. (ಪಾಸ್‌ಪೋರ್ಟಿನ ಸ್ಪೆಲ್ಲಿಂಗು ನೋಡಿ ನಾನು ‘ಮಲ್ಗೊರ್ಜಾಟ’ ಅಂತಲೇ ಓದಿದ್ದು. ಉಚ್ಚಾರಣೆ ಆಮೇಲೆ ಅವರೇ ತಿದ್ದಿದರು.) ಹೆಸರು ಹೊಂದುತ್ತಿಲ್ಲ ಅಂತ ಫಾರಂ ವಾಪಸ್ ಕಳಿಸಿದೆ. ಆಕೆ ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಫಾರಂ ತುಂಬಿಸಿದ್ದು ಆಕೆಯ ಗೆಳತಿಯಂತೆ. ಚಿಕ್ಕಂದಿನಿಂದ ಕರೆದ ಹೆಸರನ್ನೇ ಕೈಮರೆತು ಬರೆದುಬಿಟ್ಟಿದ್ದರು. ಆಕೆ ನಗುತ್ತಾ ಒಂದು ಹಣ ಕಟ್ಟುವ ಚೀಟಿಯ ಹಿಂದೆ ಒಂದರ ಕೆಳಗೊಂದು ಮೂರು ಹೆಸರು ಬರೆದು ತೋರಿಸಿದರು: ಮಾವ್ಗೊಝಾತಾ, ಮಾವ್ಗೊಶಾ, ಗೋಶಾ. ಮೂರೂ ನಾನೇ ಅಂದರು.

ಈ ಗೆಳತಿಯರಿಗೂ ಕೊಲ್ಹಾಪುರಕ್ಕೂ ಏನು ನಂಟು ಅಂತ ನಿಮಗೆ ಅನ್ನಿಸಬಹುದು. 1939ರಲ್ಲಿ ಹಿಟ್ಲರ್ ಪಶ್ಚಿಮದಿಂದ, ಸ್ಟಾಲಿನ್ ಪೂರ್ವದಿಂದ ಪೋಲೆಂಡನ್ನು ನುಂಗಿದರು. 1940ರ ಫೆಬ್ರವರಿಯಿಂದ ಪೂರ್ವ ಭಾಗದ ಲಕ್ಷಾಂತರ ಜನರನ್ನು ರೈಲಿಗೆ ತುಂಬಿ ಸೈಬೀರಿಯಾ, ಕಜಕಸ್ತಾನಗಳಿಗೆ ಸಾಗಿಸಿದರು. 1941ರಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ ಮೇಲೆ ಅವರಲ್ಲಿ ಬದುಕಿದ್ದವರಿಗೆ ಬಿಡುಗಡೆ ಸಿಕ್ಕಿತು. 1942ರಲ್ಲಿ ಸೈನ್ಯದ ಜೊತೆ ಸಾವಿರಾರು ಹೆಂಗಸರು, ಮಕ್ಕಳು ಇರಾನಿಗೆ ದಾಟಿದರು. ಅಲ್ಲಿಂದ ಕೆಲವರು ಭಾರತಕ್ಕೆ ಬಂದರು. ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರು ಮಕ್ಕಳಿಗೆ ಆಸರೆ ಕೊಟ್ಟ ಕಥೆಯನ್ನು ಅನೇಕರು ಕೇಳಿರುತ್ತೀರಿ. ಅದಕ್ಕಿಂತ ದೊಡ್ಡ ಶಿಬಿರ ಕೊಲ್ಹಾಪುರದ ಪಕ್ಕದ ವಲಿವಡೆಯದು. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲಿಷ್ ಜನರಿದ್ದರು. ಅವರದೇ ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇತ್ತು. ಅವರು ಹೋದ ಮೇಲೆ ಅಲ್ಲಿಗೆ ದೇಶವಿಭಜನೆಯ ಸಿಂಧಿ ನಿರಾಶ್ರಿತರು ಬಂದರು. ಅದೇ ಇವತ್ತಿನ ಗಾಂಧಿನಗರ, ಬಟ್ಟೆಯ ಸಗಟು ವ್ಯಾಪಾರಕ್ಕೆ ಹೆಸರಾದದ್ದು. ಅಲ್ಲಿನ ಎಷ್ಟೋ ಅಂಗಡಿಯವರಿಗೆ ನಾನು ಓವರ್‌ಡ್ರಾಫ್ಟು ಕೊಟ್ಟಿದ್ದೇನೆ, ಆದರೆ ಈ ಇತಿಹಾಸದ ಒಂದು ಸಾಲೂ ನನಗೆ ಗೊತ್ತಿರಲಿಲ್ಲ. 1998ರಲ್ಲಿ ಮಹಾವೀರ ಉದ್ಯಾನದಲ್ಲಿ ಸ್ಮಾರಕ ಎದ್ದಿತು. 2024ರ ಆಗಸ್ಟಿನಲ್ಲಿ ಪ್ರಧಾನಿ ಮೋದಿಯವರು ವಾರ್ಸಾದಲ್ಲಿರುವ ಕೊಲ್ಹಾಪುರದ ಸ್ಮಾರಕಕ್ಕೆ ಹೂವಿಟ್ಟಾಗ ನಮ್ಮ ಹಳೇ ಸಹೋದ್ಯೋಗಿಗಳು ನನಗೆ ಫೋನ್ ಮೇಲೆ ಫೋನ್ ಮಾಡಿದರು.

ಆ ಚೀಟಿಯನ್ನು ನಾನು ಇಟ್ಟುಕೊಂಡೆ. ಆ ಹೆಸರುಗಳ ಹಿಂದೆ ಬಿದ್ದದ್ದು ಮಾತ್ರ ರಿಟೈರಾದ ಮೇಲೆ. ಮಾವ್ಗೊಝಾತಾ ಅನ್ನುವುದು ಇಂಗ್ಲಿಷಿನ ಮಾರ್ಗರೆಟ್ಟೇ. ಗ್ರೀಕಿನಲ್ಲಿ ಮುತ್ತು ಅಂತ ಅರ್ಥ. ಅಂದರೆ ನಮ್ಮ ಮುತ್ತಮ್ಮ! ಅಷ್ಟು ಕಠಿಣವಾದ ಸ್ಪೆಲ್ಲಿಂಗಿನ ಒಳಗೆ ಮುತ್ತಮ್ಮ ಕೂತಿದ್ದಾಳೆ ಅಂತ ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಪೋಲಿಷ್ ಹೆಸರುಗಳಲ್ಲಿ ಎರಡು ಪದರ. ಕೆಳಗಿನದು ಹಳೆಯ ಸ್ಲಾವ್ ಪದರ. ಇಲ್ಲಿ ಎರಡು ಪದ ಜೋಡಿಸಿ ಹೆಸರು ಮಾಡುತ್ತಾರೆ, ನಮ್ಮ ಸಮಾಸದ ಹಾಗೆಯೇ. ‘ಬೊಗ್’ ಅಂದರೆ ದೇವರು, ‘ದಾನ್’ ಅಂದರೆ ಕೊಟ್ಟದ್ದು. ಬೊಗ್ದಾನ್ ಅಂದರೆ ದೇವರು ಕೊಟ್ಟವನು. ಈ ಬೊಗ್ ಸಂಸ್ಕೃತದ ‘ಭಗ’ಕ್ಕೆ ನೆಂಟ, ನಮ್ಮ ಭಗವಂತನಲ್ಲಿ ಇರುವುದೂ ಅದೇ. ದಾನ್ ಅಂತೂ ಹೇಳುವುದೇ ಬೇಡ. ಕುರುಕ್ಷೇತ್ರದಲ್ಲಿ ಆನೆ ಏರಿ ಬಂದ ಪ್ರಾಗ್ಜ್ಯೋತಿಷದ ರಾಜ ಭಗದತ್ತ ಇದಾನಲ್ಲ, ಅವನನ್ನು ವಾರ್ಸಾದಲ್ಲಿ ಕರೆದರೆ ಬೊಗ್ದಾನ್ ಆಗುತ್ತಾನೆ. ಇನ್ನು ‘ಸ್ವಾಫ್’ ಎಂದು ಮುಗಿಯುವ ಹೆಸರುಗಳು ಲೆಕ್ಕವಿಲ್ಲದಷ್ಟು. ಸ್ತಾನಿಸ್ವಾಫ್, ಬೊಲೆಸ್ವಾಫ್, ಬೊಗುಸ್ವಾಫ್. ‘ಸ್ವಾವಾ’ ಅಂದರೆ ಕೀರ್ತಿ. ಇದು ಸಂಸ್ಕೃತದ ‘ಶ್ರವಸ್’ನ ಬಳಗ. ಕಿವಿಗೆ ಬೀಳುವುದೇ ಕೀರ್ತಿ, ಅಲ್ಲವೇ? ರಾವಣನ ತಂದೆ ವಿಶ್ರವಸ್ಸಿನ ಹೆಸರಲ್ಲೂ ಅದೇ ಇದೆ. ಜ್ಬಿಗ್ನ್ಯೆಫ್ ಅಂದರೆ ಕೋಪ ಕಳೆದವನು, ನಮ್ಮ ಜಿತಕ್ರೋಧ. ಬರೆಯುವಾಗ ಇದರಲ್ಲಿ ಎಂಟು ಅಕ್ಷರ, ಸ್ವರ ಮೂರೇ. ನಮ್ಮ ಟೈಪಿಸ್ಟಿಗೆ ಕೊಟ್ಟಿದ್ದರೆ ಆತನಿಗೆ ಕೋಪ ಬರುತ್ತಿದ್ದುದಂತೂ ಖಂಡಿತ. ಕಾಝಿಮ್ಯೆಶ್ ಎಂಬ ಹೆಸರಿಗೆ ‘ಶಾಂತಿ ಕೆಡಿಸುವವನು’ ಎಂದು ಅರ್ಥ ಹೇಳುತ್ತಾರೆ. ಆದರೆ ಆ ಹೆಸರಿನ ದೊಡ್ಡ ರಾಜ, 1333ರಿಂದ 1370ರವರೆಗೆ ಆಳಿದವನು, ಯುದ್ಧಕ್ಕಿಂತ ಕೋಟೆ ಕೊತ್ತಲ ಕಟ್ಟಿಸಿ, ಕಾನೂನು ಬರೆಸಿ ಹೆಸರಾದ. ಹೆಸರಿಗೂ ನಡತೆಗೂ ತಾಳೆ ಇರಬೇಕೆಂಬ ನಿಯಮ ನಮ್ಮಲ್ಲೂ ಇಲ್ಲವಲ್ಲ.

966ರಲ್ಲಿ ರಾಜ ಮ್ಯೆಶ್ಕೊ ಕ್ರೈಸ್ತನಾದ. ಅಲ್ಲಿಂದ ಮೇಲಿನ ಪದರ ಬೆಳೆಯಿತು. ಯಾನ್, ಅನ್ನಾ, ಕಾತಾಝಿನಾ, ಝೊಫ್ಯಾ ಮುಂತಾಗಿ ಹೀಬ್ರೂ, ಗ್ರೀಕ್, ಲ್ಯಾಟಿನ್ ಹೆಸರುಗಳು. ಆರು ಶತಮಾನದ ನಂತರ ಟ್ರೆಂಟಿನ ಧರ್ಮಸಭೆಯಾಗಿ ಚರ್ಚು ಸಂತರ ಹೆಸರನ್ನೇ ಇಡಬೇಕೆಂದು ಬಿಗಿ ಮಾಡಿತು, ಹಳೆಯ ಹೆಸರುಗಳು ಮೂಲೆ ಸೇರಿದವು. ಸಂತರಾದವರ ಹೆಸರಿದ್ದವು ಮಾತ್ರ ಪಾರಾದವು: ವೊಯ್‌ಚ್ಯೆಖ್, ಸ್ತಾನಿಸ್ವಾಫ್, ಕಾಝಿಮ್ಯೆಶ್. ಮೂಲೆ ಸೇರಿದವಕ್ಕೆ ಜೀವ ಬಂದದ್ದು ಯಾವಾಗ ಗೊತ್ತೇ? ದೇಶವೇ ಇಲ್ಲವಾದಾಗ. 1772, 1793, 1795, ಈ ಮೂರು ಕಂತುಗಳಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಹರಿದು ಹಂಚಿಕೊಂಡವು. 1918ರವರೆಗೆ ಭೂಪಟದಲ್ಲಿ ಪೋಲೆಂಡೇ ಇರಲಿಲ್ಲ. ಆ ಕಾಲದಲ್ಲಿ ಜನ ಹುಡುಕಿ ಹುಡುಕಿ ಹಳೇ ರಾಜರ, ಸ್ಲಾವ್ ಮೂಲದ ಹೆಸರುಗಳನ್ನು ಮಕ್ಕಳಿಗೆ ಇಟ್ಟರು. ರಾಜ್ಯವನ್ನು ಕಸಿಯಬಹುದು, ತೊಟ್ಟಿಲಲ್ಲಿ ಇಡುವ ಹೆಸರಿಗೆ ಯಾವ ಚಕ್ರವರ್ತಿ ತೆರಿಗೆ ಹಾಕುತ್ತಾನೆ? ಆದಂ ಮಿತ್ಸ್‌ಕ್ಯೆವಿಚ್ ಎಂಬ ಮಹಾಕವಿ 1823ರಲ್ಲಿ ಪ್ರಕಟಿಸಿದ ಕಥನಕಾವ್ಯದ ನಾಯಕಿಗೆ ‘ಗ್ರಾಝಿನಾ’ ಎಂಬ ಹೊಸ ಹೆಸರನ್ನೇ ಹುಟ್ಟಿಸಿದ. ಲಿಥುವೇನಿಯಾದ ಭಾಷೆಯಲ್ಲಿ ‘ಗ್ರಾಝುಸ್’ ಎಂದರೆ ಸುಂದರ. ಆ ಪುಸ್ತಕದ ಹೆಸರು ಆಮೇಲೆ ಮನೆಮನೆಯ ಹೆಣ್ಣುಮಕ್ಕಳ ಹೆಸರಾಯಿತು.

ಮರಿಯಾ ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯ. ಹಳೇ ಪೋಲೆಂಡಿನಲ್ಲಿ ಅದು ದೇವಮಾತೆಯ ಹೆಸರೆಂದು ಯಾರಿಗೂ ಇಡುತ್ತಿರಲಿಲ್ಲ. ಬೇಕಾದರೆ ಮರಿನಾ, ಮರಿಯಾನ್ನಾ ಅಂತ ತಿರುಚಿ ಇಡುತ್ತಿದ್ದರು. 1646ರಲ್ಲಿ ಫ್ರಾನ್ಸಿನಿಂದ ರಾಣಿಯಾಗಿ ಬಂದ ಮರಿಯಾ ಲೂಯಿಸಾ ತನ್ನ ಹೆಸರನ್ನು ಲುದ್ವಿಕಾ ಅಂತ ಬದಲಿಸಿಕೊಳ್ಳಬೇಕಾಯಿತು. ಅತ್ತೆಯ ಹೆಸರನ್ನು ಮಗಳಿಗಿಟ್ಟು, ಅದನ್ನು ಬಾಯಲ್ಲಿ ಆಡಲಾರದೆ ‘ಪುಟ್ಟಿ’ ಅಂತ ಕರೆಯುತ್ತಿದ್ದ ನಮ್ಮ ಹಿಂದಿನ ಸೊಸೆಯರು ನೆನಪಾದರು. ನಿಷೇಧ ಸಡಿಲವಾದ ಮೇಲೆ ಮರಿಯಾ ಆ ದೇಶದ ತೀರಾ ಸಾಮಾನ್ಯ ಹೆಸರುಗಳಲ್ಲಿ ಒಂದಾಯಿತು.

ನನ್ನ ಮನಸ್ಸಲ್ಲಿ ನಿಂತ ಹೆಸರು ಬಾರ್ಬರಾ. ಅದರ ಮಾತೃಭಾಷೆ ಗ್ರೀಕ್. ತಮಗೆ ಅರ್ಥವಾಗದ ಮಾತಾಡುವವರನ್ನು, ‘ಬರ್ ಬರ್’ ಅನ್ನುವವರನ್ನು, ಗ್ರೀಕರು ಹಾಗೆ ಕರೆದರು. ಸಂಸ್ಕೃತದಲ್ಲೂ ‘ಬರ್ಬರ’ ಇದೆ. ಬಾರ್ಬರಾ ಎಂದರೆ ಪರದೇಶದವಳು. ಗಣಿಕೆಲಸದವರನ್ನು ಕಾಯುವ ಸಂತಳ ಹೆಸರೆಂದು ಅಲ್ಲಿ ಗೌರವ, ಡಿಸೆಂಬರ್ 4 ಅವಳ ದಿನ. ಪೋಲೆಂಡಿನಲ್ಲಿ ಹುಟ್ಟಿದ ದಿನಕ್ಕಿಂತ ಈ ಹೆಸರಿನ ದಿನವನ್ನೇ ಹೆಚ್ಚು ಆಚರಿಸುವ ರೂಢಿಯಿತ್ತು. ಯಾರಿಗೆ ಎಷ್ಟು ವಯಸ್ಸು ಅಂತ ಕೇಳುವ ಹಂಗಿಲ್ಲ. ಹುಟ್ಟಿದಾಗ ಊರವಳೇ ಆಗಿದ್ದ ಹುಡುಗಿ, ಸೈಬೀರಿಯಾ, ಇರಾನು ದಾಟಿ ವಲಿವಡೆಗೆ ಬಂದು, ತನ್ನ ಹೆಸರಿನ ಅರ್ಥವನ್ನೇ ಬಾಳಿದಳಲ್ಲ ಅನ್ನಿಸಿತು.

ಬರೆಯೋ ಹೆಸರಿನಷ್ಟೇ ದೊಡ್ಡದು ಅಲ್ಲಿ ಕರೆಯೋ ಹೆಸರಿನ ಲೋಕ. ಕಾತಾಝಿನಾ ಮನೆಯಲ್ಲಿ ಕಾಶಾ, ಝೊಫ್ಯಾ ಝೊಶಾ, ಬಾರ್ಬರಾ ಬಾಶಾ, ಸ್ತಾನಿಸ್ವಾಫ್ ಸ್ತಾಶೆಕ್, ಅಲೆಕ್ಸಾಂದ್ರಾ ಬರೀ ಓಲಾ. ಆದರೆ ಅಲ್ಲಿನ ಜನನ ನೋಂದಣಿಯ ಕಾನೂನು, 2015ರಲ್ಲಿ ಜಾರಿಗೆ ಬಂದ ಹೊಸದೂ ಸೇರಿ, ಈ ಮುದ್ದಿನ ರೂಪವನ್ನು ರಿಜಿಸ್ಟರಿನಲ್ಲಿ ಬರೆಯಲು ಒಪ್ಪುವುದಿಲ್ಲ. ಅಡ್ಡಹೆಸರಿನದು ಇನ್ನೊಂದು ತಮಾಷೆ. ಗಂಡ ಕೊವಾಲ್‌ಸ್ಕಿ ಆದರೆ ಹೆಂಡತಿ ಕೊವಾಲ್‌ಸ್ಕಾ. ಕೊವಾಲ್ ಅಂದರೆ ಕಮ್ಮಾರ. ಆ ಗುಂಪಿನಲ್ಲಿದ್ದ ದಂಪತಿಗಳ ಪಾಸ್‌ಪೋರ್ಟು ನೋಡಿ ನಮ್ಮ ಕ್ಲರ್ಕು ಸ್ಪೆಲ್ಲಿಂಗ್ ತಪ್ಪು ಅಂತ ಪೆನ್ಸಿಲ್ ಗುರುತು ಹಾಕಿದ್ದ.

ಇಲ್ಲೊಂದು ಮಾತು ಹೇಳಲೇಬೇಕು. ಗೋಶಾ ಬರುವುದಕ್ಕೆ ಕೆಲವು ತಿಂಗಳ ಹಿಂದೆ ಜತ್ತದ ಕಡೆಯ ಒಬ್ಬ ಕನ್ನಡದ ಅಜ್ಜಿ ತೀರಿಹೋದ ಗಂಡನ ಠೇವಣಿ ಕೇಳಿಕೊಂಡು ಬಂದಿದ್ದರು. ನಾಮಿನಿ ಜಾಗದಲ್ಲಿ ‘ಪಾರವ್ವ’ ಅಂತಿತ್ತು. ರೇಷನ್ ಕಾರ್ಡಿನಲ್ಲಿ ಮರಾಠಿ ಗುಮಾಸ್ತ ಯಾರೋ ‘ಪಾರ್ವತೀಬಾಯಿ’ ಮಾಡಿದ್ದ. ಅವ್ವನನ್ನು ಬಾಯಿ ಮಾಡುವುದು ಗಡಿಯಲ್ಲಿ ದಿನಾ ನಡೆಯುವ ವ್ಯವಹಾರ. ಕನ್ನಡದವನಾದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅಫಿಡವಿಟ್ ತನ್ನಿ, ಸರಪಂಚರ ಪತ್ರ ತನ್ನಿ ಅಂತ ಮೂರು ಸಲ ಬಸ್ಸು ಹತ್ತಿಸಿದೆ. ‘ನಾನs ಪಾರವ್ವ ಅದೀನಿ ತಮ್ಮಾ’ ಅಂದರು. ಕಾಗದ ಹಾಗೆ ಹೇಳ್ತಿಲ್ಲವಲ್ಲ ಅಂದೆ. ಗೋಶಾ ಬಂದು ಹೋದ ಸಂಜೆಯೇ ಆ ಫೈಲು ತೆಗೆಸಿ, ನನ್ನ ಜವಾಬ್ದಾರಿಯಲ್ಲಿ ಮಂಜೂರು ಮಾಡಿ ಕಾಗದ ಹಾಕಿದೆ. ಮಗನಿಂದ ಉತ್ತರ ಬಂತು. ಅಜ್ಜಿ ಹೋಗಿ ಒಂದು ತಿಂಗಳಾಗಿತ್ತು.

ಹೆಸರನ್ನು ತಾವಾಗಿಯೇ ಬಿಟ್ಟುಕೊಟ್ಟ ಪೋಲಿಷ್ ಜನರೂ ನಮ್ಮ ಕಡೆ ಇದ್ದರು. ಮೈಸೂರು ಸಂಸ್ಥಾನದ ಎಲೆಕ್ಟ್ರಿಕ್ ಕಾರ್ಖಾನೆ ನಡೆಸಲು ಬೆಂಗಳೂರಿಗೆ ಬಂದ ಎಂಜಿನಿಯರ್ ಮೌರಿಸಿ ಫ್ರಿದ್‌ಮಾನ್ ಕಾವಿ ಉಟ್ಟು ಭಾರತಾನಂದರಾದರು. ಭಗವದ್ಗೀತೆಯನ್ನು ಪೋಲಿಷ್ ಭಾಷೆಗೆ ತಂದ ವಾಂದಾ ದಿನೊಫ್ಸ್ಕಾ ಉಮಾದೇವಿಯಾದರು, 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ವಾಂದಾ ಎಂಬುದು ಕ್ರಾಕೂಫ್ ನಗರದ ದಂತಕಥೆಯ ರಾಜಕುಮಾರಿ. ಪರದೇಶದ ರಾಜನನ್ನು ಒಲ್ಲೆನೆಂದು ವಿಸ್ತುಲಾ ನದಿಗೆ ಹಾರಿದವಳು. ಆ ಹೆಸರಿನ ಹೆಂಗಸು ಪರದೇಶವನ್ನೇ ಒಪ್ಪಿಕೊಂಡು ಉಮೆಯಾದದ್ದು ನೋಡಿ.

ಆ ದಿನ ಶಾಖೆಯಲ್ಲಿ ಗೋಶಾ ಅವರ ಹಣ ಎಣಿಸುತ್ತಿದ್ದಾಗ, ನನ್ನ ಮೇಜಿನ ಮೇಲಿದ್ದ ಬೋರ್ಡಿನ ಉದ್ದದ ‘ಕರ್’ ಹೆಸರನ್ನು ಆಕೆ ಕಷ್ಟಪಟ್ಟು ಓದಿದರು.

‘ಮನೆಯಲ್ಲಿ ನಿಮ್ಮನ್ನು ಏನಂತ ಕರೀತಾರೆ?’

ಊರು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಮ್ಮ ಹೋಗಿ ನಾಲ್ಕು ವರ್ಷ. ಹೆಂಡತಿ ‘ರೀ’ ಅಂತಾಳೆ, ಮಕ್ಕಳು ಅಪ್ಪ ಅಂತಾವೆ. ಸ್ವಲ್ಪ ಯೋಚಿಸಿ, ‘ಸೀನ’ ಅಂದೆ.

‘ಸಿನ್!’ ಅಂದರು ಆಕೆ. ‘ನಮ್ಮ ಭಾಷೆಯಲ್ಲಿ ಸಿನ್ ಅಂದರೆ ಮಗ.’

ಅದು ಸಂಸ್ಕೃತದ ‘ಸೂನು’ವಿನ ನೆಂಟ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಕ್ಯಾಷಿಯರ್ ಟೋಕನ್ ನಂಬರು ಕೂಗಿದ. ಆಕೆ ಎದ್ದು ಹೋಗಿ ಹಣ ತೆಗೆದುಕೊಂಡರು. ಬಾಗಿಲ ಹತ್ತಿರ ಕಾಯುತ್ತಿದ್ದ ಗೆಳತಿ ‘ಗೋಶಾ’ ಅಂತ ಕರೆಯುತ್ತಲೇ ಇದ್ದರು.