‘ಸೆಟ್’ಗೆ 400 ಅರ್ಥ. ನಮ್ಮ ‘ಕಟ್ಟು’ಗೆ ಎಷ್ಟು?

📖 ಭಾಗ 1/6

ಒಂದು ಪ್ರಶ್ನೆ. ಗೂಗಲ್ ಮಾಡದ ಉತ್ತರ ಹೇಳ್ರಿ: ಇಂಗ್ಲಿಷಿನಾಗ ಅತಿ ಹೆಚ್ಚು ಅರ್ಥ ಇರೋ ಪದ ಯಾವುದು?

ಕಠಿಣ ಪದ ಹುಡುಕಬ್ಯಾಡ್ರಿ. ಬಹಳ ವರ್ಷ ಆ ಪಟ್ಟ ಇದ್ದದ್ದು ‘ಸೆಟ್’ ಅನ್ನೋ ಮೂರು ಅಕ್ಷರದ ಪದಕ್ಕ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1884ರಿಂದ ಕಂತು ಕಂತಾಗಿ ಅಚ್ಚಾಗಿ 1928ರಲ್ಲಿ ಮುಗೀತು. 1989ರ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದ ಒಂದಕ್ಕೇ 400ಕ್ಕೂ ಹೆಚ್ಚು ಅರ್ಥ. ಮುಂದ 2011ರಲ್ಲಿ ‘ರನ್’ ಕ್ರಿಯಾಪದ ಅದನ್ನ ಹಿಂದ ಹಾಕಿತು. ಅದರ ಲೆಕ್ಕ 645.

ಸೂರ್ಯ ಮುಳುಗಿದ್ರೂ ಸೆಟ್, ಮೊಸರು ಆದ್ರೂ ಸೆಟ್, ಪ್ರಶ್ನೆಪತ್ರಿಕೆ ತೆಗೆದ್ರೂ ಸೆಟ್, ಗಣಿತದಾಗೂ ಸೆಟ್, ಹೊಲದಾಗ ಪಂಪಸೆಟ್!

ಇದನ್ನ ಓದಿದವರು ‘ಇಂಗ್ಲಿಷ್ ಎಷ್ಟು ಶ್ರೀಮಂತ ಭಾಷೆ!’ ಅಂತಾರ. ಅದ ನಮ್ಮ ಅಜ್ಜಿ ಹತ್ತು ಕೆಲಸಕ್ಕ ಒಂದ ಪದ ಬಳಸಿದ್ರ? ‘ಹಳ್ಳಿ ಭಾಷೆ, ಪದಾನ ಇಲ್ಲ’ ಅಂತಾರ. ಒಂದೇ ಗುಣ ಅಲ್ಲಿ ಶ್ರೀಮಂತಿಕೆ, ಇಲ್ಲಿ ಬಡತನ. ಇದು ಹ್ಯಾಂಗ?

ಈ ಸರಣಿ ಅದಕ್ಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಹೋಗಿ ಬರೂಣು. ಜೋಡಿಗೆ ಒಂದ ಪದ: ಕಟ್ಟು. 👉

🪢 ಭಾಗ 2/6

ಬೆಳಗಿನಿಂದ ರಾತ್ರಿತನಕ ನಿಮ್ಮ ಮನ್ಯಾಗ ಕೇಳೋ ಮಾತು ಎಣಿಸಿ ನೋಡ್ರಿ.

ಎತ್ತು ಕಟ್ಟು. ಬುತ್ತಿ ಕಟ್ಟು. ಫೀ ಕಟ್ಟು. ಕರೆಂಟ್ ಬಿಲ್ ಕಟ್ಟು. ಫೇಲಾದ್ರ ಮತ್ತ ಪರೀಕ್ಷಾ ಕಟ್ಟು. ತಾಳಿ ಕಟ್ಟು, ಆಮ್ಯಾಲ ತೊಟ್ಟಿಲು ಕಟ್ಟು. ಬಾಜಿ ಕಟ್ಟು. ಹಾಡು ಕಟ್ಟು. ಇಲ್ಲದ ಕಥಿ ಕಟ್ಟು. ಸಂಘ ಕಟ್ಟು. ಊರ ಕೆಲಸಕ್ಕ ಟೊಂಕ ಕಟ್ಟು.

ಇನ್ನು ತಾವಾಗೇ ಕಟ್ಟೋವು ಬ್ಯಾರೆ. ನೆಗಡಿ ಬಂದ್ರ ಮೂಗು ಕಟ್ಟತೈತಿ. ಅಳು ಬಂದ್ರ ಗಂಟಲು ಕಟ್ಟತೈತಿ. ತೆನಿಯೊಳಗ ಜ್ವಾಳ ಕಾಳು ಕಟ್ಟತೈತಿ.

ನಾಮಪದ ಆದಾಗ ನೋಡ್ರಿ: ಬೇವಿನ ಗಿಡದ ಬುಡಕ ಹಿರಿಯರು ಕುಂಡ್ರೋದು ಕಟ್ಟಿ. ಹೋಳಿಗಿ ದಿನ ಬ್ಯಾಳಿ ಕುದಿಸಿ ಬಸಿದ ನೀರು ಕಟ್ಟು. ಅದರಿಂದ ಕಟ್ಟಿನ ಸಾರು. ಪೈಲ್ವಾನನ ಮೈಕಟ್ಟು. ಜಾತಿ ಹೆಸರಿನಾಗ ಹೇರಿದ ಕಟ್ಟುಪಾಡು.

ಇದರೊಳಗಿನ ಬಹಳಷ್ಟು ಅರ್ಥಗಳ ಹಿಂದ ಒಂದೇ ಚಿತ್ರ ಐತಿ: ಚದುರಿದ್ದನ್ನ ಹಿಡಿದು ಒಂದು ಕಡೆ ನಿಲ್ಲಿಸೋದು.

ಈಗ ‘ಸೆಟ್’ ಜೋಡಿ ಹೋಲಿಸಿ ನೋಡ್ರಿ. ಲಿಂಬಿ ಹೂ ಉದುರಿ ಮಿಡಿ ಕಂಡ್ರ ಇಂಡಿ ರೈತರು ‘ಕಾಯಿ ಕಟ್ಟೈತಿ’ ಅಂತಾರ. ಬಿಎಸ್ಸಿ ಅಗ್ರಿ ಪುಸ್ತಕದಾಗ ಅದು ‘ಫ್ರೂಟ್ ಸೆಟ್’. ಮೊಸರು ಹೆಪ್ಪುಗಟ್ಟಿದ್ರ ಅಲ್ಲಿ ‘ಸೆಟ್’. ಬೆಲೆ ಕಟ್ಟಿದ್ರೂ ಅಲ್ಲಿ ‘ಸೆಟ್’. ಎರಡೂ ಬ್ಯಾರೆ ಬ್ಯಾರೆ ಭಾಷಾ ಕುಟುಂಬದ ಪದ, ಯಾವ ನಂಟೂ ಇಲ್ಲ. ಆದ್ರೂ ಕೆಲವು ಅರ್ಥದಾಗ ಒಂದೇ ಕಟ್ಟಿಮ್ಯಾಲ ಬಂದು ಕುಂತಾವ. 👉

⛵ ಭಾಗ 3/6

ಹಿಂಗ್ಯಾಕ ಆಗತೈತಿ?

1945ರಲ್ಲಿ ಜಾರ್ಜ್ ಕಿಂಗ್ಸ್‌ಲಿ ಝಿಪ್ ಅನ್ನೋ ಅಮೆರಿಕದ ವಿದ್ವಾಂಸ ಒಂದು ಸಂಗತಿ ತೋರಿಸಿದ: ಹೆಚ್ಚು ಬಳಕೆ ಆಗೋ ಪದಕ್ಕ ಸಾಮಾನ್ಯವಾಗಿ ಅರ್ಥಗಳೂ ಹೆಚ್ಚು. ಮನಿಯೊಳಗ ದಿನಾ ಕೈಗೆ ಸಿಗೋ ಪಾತ್ರಿಯೊಳಗೇ ಹಾಲೂ ಕಾಸ್ತೀವಿ, ಚಹಾನೂ ಮಾಡ್ತೀವಿ, ಬ್ಯಾಳಿನೂ ಬೇಯಿಸ್ತೀವಿ. ಅಟ್ಟದ ಮ್ಯಾಲಿನ ಹಿತ್ತಾಳಿ ಹಂಡೆಕ್ಕ ಒಂದೇ ಕೆಲಸ. ಪದಗಳದ್ದೂ ಹಂಗ. ಅರ್ಥ ಹೆಚ್ಚಾದ್ವು ಅಂದ್ರ ಆ ಪದ ಬಹಳ ದುಡಿದೈತಿ ಅಂತ.

‘ಕಟ್ಟು’ ದುಡಿದದ್ದು ಕನ್ನಡದಾಗ ಅಷ್ಟ ಅಲ್ಲ. ತಮಿಳು, ತೆಲುಗಿನೊಳಗೂ ಇದೇ ಪದ ಐತಿ. ತಮಿಳು ಕರಾವಳಿಯ ಮೀನುಗಾರರು ಮರದ ದಿಮ್ಮಿಗಳನ್ನ ಹಗ್ಗದಿಂದ ಬಿಗಿದು ಕಡಲಿಗೆ ಇಳಿಸೋ ತೆಪ್ಪಕ್ಕ ‘ಕಟ್ಟುಮರಂ’ ಅಂದ್ರು. 17ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಹೋಗಿ ‘ಕ್ಯಾಟಮರಾನ್’ ಆತು. ಇವತ್ತು ಎರಡು ಒಡಲಿನ ಐಷಾರಾಮಿ ಹಡಗಿಗೂ ಅದೇ ಹೆಸರು. ಅಂದ್ರ ನೀವು ಯಾವ ಇಂಗ್ಲಿಷ್ ನಿಘಂಟು ನೋಡಿ ಬೆರಗಾಗ್ತೀರೋ, ಅದರೊಳಗೂ ಒಂದು ‘ಕಟ್ಟು’ ಕುಂತೈತಿ.

ನಮ್ಮ ಪದಗಳನ್ನ ಹಿಡಿದಿಟ್ಟವರೂ ಅದಾರ. ಜರ್ಮನಿಯಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ 1995ಕ್ಕೆ ಮುಗಿಯಿತು. ಹಿಂದ ಬಿದ್ದಿಲ್ಲ ನಾವು. 👉

🪔 ಭಾಗ 4/6

ಈಗ ಬಸವನ ಬಾಗೇವಾಡಿ.

ಉಳ್ಳವರು ಮತ್ತು ಬಡವರ ಬಗ್ಗೆ ಬಸವಣ್ಣನವರು ಹೇಳಿದ ವಚನ ಶಾಲ್ಯಾಗ ಎಲ್ಲಾರೂ ಕಲಿತೀರಿ. ಅದರ ಕ್ರಿಯಾಪದ ಗಮನಿಸೀರೇನು? ಇವತ್ತು ನಾವು ಗುಡಿ ‘ಕಟ್ಟಿದ್ರು’ ಅಂತೀವಿ. ಆ ವಚನದಾಗ ಶಿವಾಲಯಕ್ಕ ‘ಕಟ್ಟು’ ಇಲ್ಲ, ‘ಮಾಡು’ ಐತಿ.

ಇದನ್ನ ಹಿಡಿದವರು ಎ.ಕೆ. ರಾಮಾನುಜನ್. 1973ರಲ್ಲಿ ಬಂದ ‘ಸ್ಪೀಕಿಂಗ್ ಆಫ್ ಶಿವ’ ಪುಸ್ತಕದಾಗ ಅವರು ಇಂಗ್ಲಿಷಿನ ರೂಢಿಯಂತೆ ‘ಬಿಲ್ಡ್’ ಅಂತ ಹಾಕಲಿಲ್ಲ, ‘ಮೇಕ್’ ಅಂತ ಹಾಕಿದ್ರು. ಯಾಕಂದ್ರ ಕನ್ನಡದ ‘ಮಾಡು’ಗೆ ತಯಾರಿಸೋದು, ಆಚರಿಸೋದು ಎರಡೂ ಅರ್ಥ. ವಚನ ನಿಂತದ್ದು ‘ಮಾಡೋದು’ ಮತ್ತು ‘ಆಗೋದು’ ಇವುಗಳ ನಡುವಿನ ಅಂತರದ ಮ್ಯಾಲ. ರೊಕ್ಕ ಇದ್ದವರು ಏನೋ ಒಂದು ಮಾಡಿ ತೋರಿಸ್ತಾರ. ರೊಕ್ಕ ಇಲ್ಲದವ ತನ್ನ ದೇಹಾನ ಗುಡಿ ಅಂದ್ಕೋತಾನ. ‘ಬಿಲ್ಡ್’ ಅಂತ ಬರದಿದ್ರ ಕಲ್ಲು, ಗಾರೆ ಅಷ್ಟ ಉಳೀತಿತ್ತು.

ಒಂದು ಸಣ್ಣ ಪದಕ್ಕ ಎರಡು ಅರ್ಥ ಇದ್ದದ್ದರಿಂದಾನ 12ನೇ ಶತಮಾನದ ಆ ವಿಚಾರ ನಿಂತೈತಿ. ನಿಂತದ್ದು ಬೀಳತೈತಿ, ಚಲಿಸೋದು ಉಳೀತೈತಿ ಅನ್ನೋದು ಅದರ ಸಾರ. ಈ ಮಾತು ನೆನಪಿಟ್ಟು ಮುಂದಿನ ಭಾಗಕ್ಕ ಬರ್ರಿ. 👉

🌊 ಭಾಗ 5/6

ಆಲಮಟ್ಟಿ. ಈಗ ನಿಡಗುಂದಿ ತಾಲ್ಲೂಕು. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನ ಊರು.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಇಲ್ಲಿ ಅಡಿಗಲ್ಲು ಹಾಕಿದ್ರು. ಜಲಾಶಯಕ್ಕ ಇವತ್ತು ಅವರದೇ ಹೆಸರು. ಕೆಳಗ ನಾರಾಯಣಪುರದ ಜಲಾಶಯಕ್ಕ ಬಸವಣ್ಣನವರ ಹೆಸರು: ಬಸವಸಾಗರ. ಅದರ ಹಿನ್ನೀರು ಮುದ್ದೇಬಿಹಾಳ ಕಡೆಯ ಹೊಳಿದಂಡಿಗೆ ಬಂತು. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಎಷ್ಟೋ ಓಣಿ ನುಂಗಿತು.

ಕಾಲುವಿ ನೀರು ಬಂದು ಒಣಭೂಮಿ ಹಸಿರಾದದ್ದು ಖರೇ. ಅದನ್ನ ಯಾರೂ ಅಲ್ಲಗಳೆಯೋದಿಲ್ಲ. ಆದ್ರ ಊರು ಬಿಟ್ಟವರ ಕಥಿ ಒಮ್ಮೆ ಬರೀ ‘ಕಟ್ಟು’ ಇಟ್ಟುಕೊಂಡು ಹೇಳಿ ನೋಡ್ರಿ:

ಸರ್ಕಾರ ಆಣೆಕಟ್ಟು ಕಟ್ಟಿತು.
ಅಧಿಕಾರಿಗಳು ಮನಿಗೆ, ಹೊಲಕ್ಕ, ಗಿಡಕ್ಕ ಬೆಲೆ ಕಟ್ಟಿದ್ರು.
ಮಂದಿ ಗಂಟು ಕಟ್ಟಿದ್ರು.
ಪುನರ್ವಸತಿ ಕೇಂದ್ರದಾಗ ಹೊಸಾ ಮನಿ ಕಟ್ಟಿದ್ರು.
ಹಳೇ ಊರಿನ ಹೆಸರು ಹೇಳುವಾಗ ಗಂಟಲು ಕಟ್ಟಿತು.

ಇದನ್ನ ಇಂಗ್ಲಿಷಿಗೆ ಹಾಕಿದ್ರ ಮೂರು-ನಾಲ್ಕು ಬ್ಯಾರೆ ಕ್ರಿಯಾಪದ ಬೇಕು. ಪ್ರತಿ ವಾಕ್ಯ ಬ್ಯಾರೆ ಬ್ಯಾರೆ ಘಟನೆ ಆಗಿಬಿಡತೈತಿ. ಕನ್ನಡದಾಗ ಒಂದೇ ಹಗ್ಗ ಆಣೆಕಟ್ಟಿನಿಂದ ಗಂಟಲಿನತನಕ ಬರತೈತಿ. ಕಟ್ಟಿದವರು ಯಾರು, ಕಟ್ಟಿಕೊಂಡು ಹೋದವರು ಯಾರು, ಎರಡೂ ಒಂದೇ ಪದದಾಗ ಕಾಣತಾವ.

ಈ ಕಥಿ ಮುಗಿದಿಲ್ಲ. ಈಗ ನೀರು ನಿಲ್ಲಿಸೋ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟೈತಿ. ಅಷ್ಟು ಎತ್ತರ ಆದ್ರ ಮತ್ತಷ್ಟು ಹೊಲ, ಮನಿ ಮುಳುಗತಾವ. ಮತ್ತ ಬೆಲೆ ಕಟ್ಟೋದು, ಮತ್ತ ಗಂಟು ಕಟ್ಟೋದು. 👉

✍️ ಭಾಗ 6/6

ಊರು ಮುಳುಗಿದ್ರ ಮನಿ, ಗುಡಿ ಅಷ್ಟ ಹೋಗೋದಿಲ್ಲ. ಆ ಊರಿನ ಹೊಳಿದಂಡಿ ಹೊಲಕ್ಕ, ಮಡುವಿಗೆ, ಮೀನು ಹಿಡಿಯೋ ಬಲಿಗೆ ಇದ್ದ ಹೆಸರುಗಳೂ ಹೋಗತಾವ. ಮನಿಗೆ ಬೆಲೆ ಕಟ್ಟತಾರ, ಮಾತಿಗೆ ಯಾರು ಕಟ್ಟತಾರ?

ನಮ್ಮ ಜಿಲ್ಲೆಯವರೇ ಆ ಕೆಲಸ ಮಾಡ್ಯಾರ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಜೊತೆಗಾರರು, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡೋ ತ್ರಿಪದಿಗಳನ್ನ ಕೇಳಿ ಬರಕೊಂಡ್ರು. 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ಬಂತು. ಆ ಹಾಡುಗಳನ್ನ ಕಟ್ಟಿದ ಎಷ್ಟೋ ತಾಯಂದಿರು ಸಾಲಿ ಮೆಟ್ಟಿಲು ಹತ್ತಿದವರಲ್ಲ. ಹಾಡು ಕಟ್ಟಾಕ ಅಕ್ಷರ ಬೇಕಾಗಿರಲಿಲ್ಲ, ಉಳಿಸಾಕ ಬೇಕಾತು.

ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಪಿಎಚ್‌ಡಿಗೆ ಆರಿಸಿಕೊಂಡದ್ದು ಕವಿರಾಜಮಾರ್ಗದ ಕಾಲದ ಸಾಹಿತ್ಯ. ಆ 9ನೇ ಶತಮಾನದ ಗ್ರಂಥ ಏನು ಹೇಳತೈತಿ ಗೊತ್ತೇನು? ಕನ್ನಡದ ದೇಸಿಗಳು ಎಷ್ಟು ಅಂದ್ರ, ಅವುಗಳ ದೋಷ ಎಣಿಸಾಕ ಕುಂತ್ರ ವಾಸುಕಿಗೂ ಬ್ಯಾಸರ ಬರತೈತಿ ಅಂತ. ನೀವು ಮಾತಾಡೋ ಕನ್ನಡಕ್ಕ ಯಾರರ ನಕ್ಕಾಗ ಇದನ್ನ ನೆನಪು ಮಾಡ್ಕೊಳ್ರಿ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೇನ ಇದಕ್ಕ ಲೆಕ್ಕ ಐತಿ.

ನಿಮಗೊಂದು ಕೆಲಸ. ಈ ವಾರ ಅಜ್ಜಿ, ಅಜ್ಜ, ದೊಡ್ಡವ್ವ, ಯಾರೇ ಇರಲಿ, ಅವರ ಬಾಯಾಗ ‘ಕಟ್ಟು’ ಎಷ್ಟು ರೀತಿ ಬರತೈತಿ ಕೇಳಿ ಬರಕೊಳ್ರಿ. ಪದ, ಅರ್ಥ, ಊರಿನ ಹೆಸರು, ಮೂರೂ ಬೇಕು. ನಾನು ಮ್ಯಾಲೆ ಬಿಟ್ಟದ್ದು ಇದ್ರ ಕಾಮೆಂಟಿನಾಗ ಹಾಕ್ರಿ, ಎಲ್ಲಾ ಕೂಡಿಸಿ ಮುಂದಿನ ಪೋಸ್ಟ್ ಕಟ್ಟೂಣು.

ಆಕ್ಸ್‌ಫರ್ಡ್ ನಿಘಂಟಿಗೂ ಸಾವಿರಾರು ಸಾಮಾನ್ಯ ಓದುಗರು ಚೀಟಿಯೊಳಗ ಪದ, ವಾಕ್ಯ ಬರದು ಕಳಿಸಿದ್ರು. ‘ಸೆಟ್’ಗೆ 400 ಅರ್ಥ ಸಿಕ್ಕದ್ದು ಹಂಗ, ಯಾರೋ ಕುಂತು ಎಣಿಸಿದ್ದಕ್ಕ. ನಮ್ಮದನ್ನ ನಾವು ಎಣಿಸೂಣು.

#ಕಟ್ಟು #ನಮ್ಮವಿಜಯಪುರ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಪದಚರಿತ್ರೆ