ಹಿತ್ತಲ ಓಣಿಯ ಇತಿಹಾಸ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹಿತ್ತಲ ಓಣಿಗೂ ಅದೇ ಗತಿ. ಬಸವನಗುಡಿ, ಮಲ್ಲೇಶ್ವರಗಳನ್ನು ಕುರಿತು ಬರೆಯುವವರು ಅಗಲವಾದ ರಸ್ತೆ, ಸಾಲುಮರ, ದೇವಸ್ಥಾನ, ಕಾಫಿ ಹೋಟೆಲುಗಳನ್ನು ನೆನೆಯುತ್ತಾರೆ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾದುಹೋಗುವ ಕಿರಿದಾದ ದಾರಿಯನ್ನು ನೆನೆಯುವವರು ವಿರಳ. ಕಚೇರಿಯ ಕಾಗದಪತ್ರಗಳಲ್ಲಿ ಅದಕ್ಕೆ 'ಕನ್ಸರ್ವೆನ್ಸಿ ಲೇನ್' ಎಂದು ಹೆಸರು. ನಮ್ಮ ನಗರಜೀವನದ ನಿಜವಾದ ಚರಿತ್ರೆ ಆ ಓಣಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ತಿಳಿಯಬೇಕಾದರೆ 1898ಕ್ಕೆ ಹೋಗಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು. ಗಾಳಿ ಬೆಳಕಿಗೆ ಎಡೆಯಿಲ್ಲ, ಚರಂಡಿಗೆ ಹರಿವಿಲ್ಲ. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಪ್ಲೇಗಮ್ಮನ ಗುಡಿಗಳು ಎದ್ದವು. ಮೈಸೂರು ಸಂಸ್ಥಾನದ ಸರ್ಕಾರವು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಇವರೇ ಮುಂದೆ 1906ರಲ್ಲಿ ದಿವಾನರಾದವರು.

ಆಗಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. 1896ರಲ್ಲಿಯೇ ಹೆಸರಘಟ್ಟದಿಂದ ಕೊಳವೆಯ ಮೂಲಕ ನಗರಕ್ಕೆ ನೀರು ಬಂದಿತ್ತು. ಪೇಟೆಯ ಒತ್ತಡವನ್ನು ತಗ್ಗಿಸಲು ಚಾಮರಾಜಪೇಟೆ ಮೊದಲೇ ರೂಪುಗೊಂಡಿತ್ತು. ಬಸವನಗುಡಿ, ಮಲ್ಲೇಶ್ವರಗಳ ನಿರ್ಮಾಣಕ್ಕೆ ಪ್ಲೇಗಿನ ಭಯ ವೇಗವನ್ನು ಕೊಟ್ಟಿತು. ನೇರವಾದ ರಸ್ತೆಗಳು, ಮನೆಯ ಸುತ್ತ ಬಯಲು, ಹಿಂದುಗಡೆ ಒಂದು ಓಣಿ: ಇದು ಹೊಸ ಬಡಾವಣೆಯ ವಿನ್ಯಾಸ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ಕಂಡುಕೊಂಡದ್ದೂ ಅದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ನಮ್ಮ ಬಡಾವಣೆಗಳನ್ನು ಯೋಜಿಸಿದವರು ಗಾಳಿ, ಬೆಳಕು, ಶುಚಿತ್ವಗಳನ್ನು ನಂಬಿದ್ದರು. ಕಾರಣ ಪೂರ್ತಿ ತಿಳಿಯದಿದ್ದರೂ ಮಾಡಿದ ಕೆಲಸ ಸರಿಯಾಗಿತ್ತು.

ಆದರೆ ಹಿಂದುಗಡೆಯ ಆ ಓಣಿ ಯಾರಿಗಾಗಿ? ನನ್ನ ವಿದ್ಯಾರ್ಥಿಗಳಲ್ಲಿ ಕಿರಿಯರಾದವರಿಗೆ ಇದು ತಿಳಿದಿರಲಾರದು. ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಯ ಶೌಚಾಲಯ ಹಿತ್ತಲ ತುದಿಯಲ್ಲಿರುತ್ತಿತ್ತು. ಮಲವನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗುವವರು ಮುಂಬಾಗಿಲಿಗೆ ಬರಬಾರದು, ಮನೆಯವರ ಕಣ್ಣಿಗೂ ಬೀಳಬಾರದು. ಅದಕ್ಕಾಗಿ ಈ ದಾರಿ. ಅಂದರೆ ಶುಚಿತ್ವದ ವ್ಯವಸ್ಥೆಯೂ ಅಸ್ಪೃಶ್ಯತೆಯ ವ್ಯವಸ್ಥೆಯೂ ಒಂದೇ ನಕ್ಷೆಯಲ್ಲಿ ಸೇರಿಕೊಂಡಿದ್ದವು. ಮುಂದಿನ ರಸ್ತೆ ಆಧುನಿಕವಾಯಿತು, ಹಿಂದಿನ ಓಣಿ ಹಳೆಯ ಲೋಕವಾಗಿಯೇ ಉಳಿಯಿತು.

1960ರ ದಶಕದ ಕೊನೆಯಲ್ಲಿ, ನಾನು ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗ, ನಮ್ಮ ಓಣಿಯಲ್ಲಿ ಬೆಳಗಿನ ಜಾವಕ್ಕೆ ತಗಡಿನ ಸದ್ದು ಕೇಳುತ್ತಿತ್ತು. ಸದ್ದು ಬಂದೊಡನೆ ಹಿತ್ತಲ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಆ ಹೆಂಗಸು ತಲೆಯ ಮೇಲೆ ಹರಕು ಗೋಣಿ ಹಾಕಿಕೊಂಡು, ಅದರ ಮೇಲೆ ಬಕೆಟ್ಟನ್ನು ಹೊತ್ತು ನಡೆಯುತ್ತಿದ್ದುದನ್ನು ಕಿಟಕಿಯ ಸಂದಿಯಿಂದ ಕಂಡಿದ್ದೇನೆ. ಆ ನೋಟ ಇಂದಿಗೂ ಮಾಸಿಲ್ಲ.

ಆ ಹೊರೆಯನ್ನು ಇಳಿಸಲು ಕಾನೂನಿನ ಬಲ ಬೇಕಾಯಿತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಬಸವಲಿಂಗಪ್ಪ ಎಂದೊಡನೆ ಕನ್ನಡಿಗರಿಗೆ 1973ರ 'ಬೂಸಾ' ಪ್ರಕರಣ ನೆನಪಾಗುತ್ತದೆ; ಈ ಕಾರ್ಯ ನೆನಪಾಗುವುದಿಲ್ಲ. ಊರು ಉಪಕಾರ ಅರಿಯದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿಯು ಸಫಾಯಿ ಕೆಲಸಗಾರರ ಸ್ಥಿತಿಗತಿಯನ್ನು ಪರಿಶೀಲಿಸಿತು. 'ಜಾಡಮಾಲಿ' ಎಂಬ ಮಾತು ಹಿಂದೆ ಸರಿದು 'ಪೌರಕಾರ್ಮಿಕ' ಎಂಬ ಗೌರವದ ಪದ ಬಳಕೆಗೆ ಬಂದಿತು. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾಯಿದೆ ಬಂದವು. ಆದರೂ ಒಳಚರಂಡಿಯ ಗುಂಡಿಗೆ ಇಳಿದು ಸಾಯುವವರ ಸುದ್ದಿ ನಿಲ್ಲಲಿಲ್ಲ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು.

ಒಳಚರಂಡಿ ಬಂದ ಮೇಲೆ ಓಣಿಯ ಮೂಲ ಉದ್ದೇಶ ಮುಗಿಯಿತು. ಅದು ಯಾರದ್ದೂ ಅಲ್ಲದ ಜಾಗವಾಯಿತು. ಒಬ್ಬರು ಒಡೆದ ಗೋಡೆಯ ಇಟ್ಟಿಗೆ ಸುರಿದರು, ಇನ್ನೊಬ್ಬರು ಸ್ನಾನದ ಮನೆಯನ್ನು ಎರಡಡಿ ಮುಂದಕ್ಕೆ ತಳ್ಳಿದರು, ಮತ್ತೊಬ್ಬರು ಜನರೇಟರ್ ಇಟ್ಟರು. ಊರು ಬೆಳೆದಂತೆ ಊರಿನ ಹಿತ್ತಲೂ ದೂರ ಸರಿಯಿತು. ಮಹಾನಗರದ ಕಸವೆಲ್ಲ ಲಾರಿಗಳಲ್ಲಿ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗತೊಡಗಿತು. ಅಲ್ಲಿಯ ಗ್ರಾಮಸ್ಥರು ದುರ್ನಾತ, ನೊಣ, ಕೆಟ್ಟ ನೀರುಗಳನ್ನು ವರ್ಷಗಟ್ಟಲೆ ಸಹಿಸಿದರು. 2012ರಲ್ಲಿ ಅವರು ಲಾರಿಗಳನ್ನು ತಡೆದಾಗ ನಗರದ ಬೀದಿಗಳಲ್ಲಿ ಕಸದ ರಾಶಿ ಬೆಳೆಯಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯ ಆದೇಶಿಸಿತು. 2014ರ ಕೊನೆಗೆ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ನೂರು ವರ್ಷ ಹಿಂದೆ ಬೆನ್ನ ಹಿಂದೆ ಇದ್ದುದನ್ನು ನಾವು ಇಪ್ಪತ್ತು ಮೈಲಿ ಆಚೆಗೆ ಒಯ್ದಿದ್ದೆವು, ಅಷ್ಟೇ. ಕಣ್ಣಿಗೆ ಕಾಣದಿದ್ದರೆ ಶುಚಿಯಾಯಿತು ಎಂಬ ಭಾವನೆ ಬದಲಾಗಿರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಇತ್ತೀಚೆಗೆ ನಮ್ಮ ಬೀದಿಯ ನಿವಾಸಿಗಳ ಸಭೆಯಲ್ಲಿ ಓಣಿಯ ಎರಡೂ ತುದಿಗಳಿಗೆ ಗೇಟು ಹಾಕಿ, ಒಳಗಿನ ಜಾಗವನ್ನು ವಾಹನ ನಿಲ್ಲಿಸಲು ಹಂಚಿಕೊಳ್ಳೋಣ ಎಂಬ ಸಲಹೆ ಬಂದಿತು. ಹಲವರು ತಲೆದೂಗಿದರು. ನಾನು ವಿರೋಧಿಸಿದೆ. ಬೆಳಗ್ಗೆ ಆರಕ್ಕೆ ಕೆಲಸ ಶುರುಮಾಡುವ ನಮ್ಮ ಪೌರಕಾರ್ಮಿಕ ಮಹಿಳೆಯರಿಗೆ ಸುತ್ತಮುತ್ತ ಒಂದು ಶೌಚಾಲಯವಿಲ್ಲ, ಕುಳಿತು ತಿಂಡಿ ತಿನ್ನಲು ನೆರಳಿಲ್ಲ. ಓಣಿಯ ಒಂದು ತುದಿಯಲ್ಲಿ ಅವರಿಗೊಂದು ಕೊಠಡಿ, ನಲ್ಲಿ, ಶೌಚಾಲಯ ಮಾಡಿಸಿಕೊಡಿ ಎಂದು ಎಲ್ಲರೂ ಸೇರಿ ಪಾಲಿಕೆಗೆ ಅರ್ಜಿ ಕೊಡೋಣ. ಉಳಿದ ಭಾಗವನ್ನು ನಡೆದಾಡಲು ತೆರೆಯೋಣ ಎಂದೆ. 'ಮೇಷ್ಟ್ರೇ, ನಮ್ಮ ಮನೆ ಹಿಂದೆ ಅದೆಲ್ಲ ಯಾಕೆ?' ಎಂದು ಒಬ್ಬರು ಕೇಳಿದರು. ಆ ಮಾತಿನಲ್ಲಿ ದ್ವೇಷವಿರಲಿಲ್ಲ, ಅಭ್ಯಾಸವಿತ್ತು. ವಿಷಯ ಇನ್ನೂ ತೀರ್ಮಾನವಾಗಿಲ್ಲ.

2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. ಕಚೇರಿಯ ಫಲಕ ಬದಲಾದೊಡನೆ ಬೀದಿ ಬದಲಾಗುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಬಲ್ಲೆ. ಓಣಿಯ ಪ್ರಶ್ನೆಯನ್ನು ಓಣಿಯವರೇ ಎತ್ತಬೇಕು.

ನಮ್ಮ ಬಡಾವಣೆಯಲ್ಲಿ ಡಿ.ವಿ.ಜಿ. ರಸ್ತೆಯಿದೆ, ಬ್ಯೂಗಲ್ ರಾಕ್ ರಸ್ತೆಯಿದೆ. ಹಿತ್ತಲ ಓಣಿಗೆ ಹೆಸರಿಲ್ಲ. ಅಲ್ಲಿ ಮೂರು ತಲೆಮಾರು ನಡೆದವರ ಹೆಸರೂ ಯಾವ ಫಲಕದ ಮೇಲಿಲ್ಲ. ಒಂದು ಬಡಾವಣೆ ಸುಧಾರಿಸಿದೆಯೇ ಎಂದು ಅಳೆಯಲು ಮುಂದಿನ ರಸ್ತೆಯ ಡಾಂಬರನ್ನು ನೋಡಬೇಡಿ, ಹಿಂದಿನ ಓಣಿಗೆ ಹೋಗಿ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಬಯಸುತ್ತೇನೆ. ನೀವು ಈಗ ಯಾವ ಊರಿನಲ್ಲಿದ್ದರೂ ನಿಮ್ಮ ಮನೆಯ ಕಸ ಯಾರ ಕೈಗೆ ಹೋಗುತ್ತದೆ, ಅಲ್ಲಿಂದ ಯಾವ ಹಳ್ಳಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸಿ ತಿಳಿದುಕೊಳ್ಳಿ. ತಿಳಿದದ್ದನ್ನು ನನಗೂ ಬರೆಯಿರಿ.