ಶತಘ್ನಿಯ ಸ್ವರೂಪ

ಸಂಸ್ಕೃತ ಗ್ರಂಥಗಳಲ್ಲಿ ಉಕ್ತವಾದ ಆಯುಧಗಳ ಪೈಕಿ ಶತಘ್ನಿಯಷ್ಟು ವಾದಕ್ಕೆ ಎಡೆಗೊಟ್ಟವು ವಿರಳ. ‘ನೂರು ಜನರನ್ನು ಕೊಲ್ಲುವಂಥದು’ ಎಂಬುದು ಈ ಪದದ ಅರ್ಥ. ಇದನ್ನೇ ಹಿಡಿದು 1776ರಷ್ಟು ಹಿಂದೆಯೇ ಹಾಲ್ಹೆಡ್ ಎಂಬ ಆಂಗ್ಲ ವಿದ್ವಾಂಸನು ಶತಘ್ನಿಯೆಂದರೆ ಫಿರಂಗಿಯೆಂದು ಬರೆದನು. ಪ್ರಾಚೀನ ಭಾರತದಲ್ಲಿ ಸಿಡಿಮದ್ದು ಇದ್ದಿತೆಂದು 1880ರಲ್ಲಿ ಗುಸ್ತಾವ್ ಓಪರ್ಟ್ ವಾದಿಸಿದನು. ಆದರೆ ಆತನು ಆಧಾರವಾಗಿ ಬಳಸಿದ ‘ನೀತಿಪ್ರಕಾಶಿಕಾ’ ಗ್ರಂಥವೇ ಶತಘ್ನಿಯನ್ನು ಮುಳ್ಳುಗಳುಳ್ಳ, ನಾಲ್ಕು ಮೊಳದ, ಹಿಡಿಯಿರುವ ಕಬ್ಬಿಣದ ಆಯುಧವೆಂದು ವರ್ಣಿಸುತ್ತದೆ.

ಆದುದರಿಂದ ಪದದ ವ್ಯುತ್ಪತ್ತಿಯನ್ನು ಬದಿಗಿರಿಸಿ ಪ್ರಯೋಗಗಳನ್ನು ಪರಿಶೀಲಿಸುವುದು ಯುಕ್ತ. ರಾಮಾಯಣದಲ್ಲಿ ಅಯೋಧ್ಯೆಯು ನೂರಾರು ಶತಘ್ನಿಗಳಿಂದ ಕೂಡಿದ ನಗರ. ಸುಂದರಕಾಂಡದಲ್ಲಿ ಲಂಕೆಯನ್ನು ಸ್ತ್ರೀಯಾಗಿ ರೂಪಿಸುವಾಗ ಕವಿಯು ಶತಘ್ನಿ ಮತ್ತು ಶೂಲಗಳನ್ನು ಆಕೆಯ ಕೇಶಕ್ಕೆ ಹೋಲಿಸುತ್ತಾನೆ. ಕೋಟೆಯ ನೆತ್ತಿಯಲ್ಲಿ ಮುಳ್ಳುಮುಳ್ಳಾಗಿ ನಿಂತ ವಸ್ತುವಿಗೆ ಈ ಉಪಮೆ ಚೆನ್ನಾಗಿ ಒಪ್ಪುತ್ತದೆ.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಶತಘ್ನಿಯನ್ನು ಗದೆ, ಮುಸಲ, ಮುದ್ಗರ, ತ್ರಿಶೂಲಗಳೊಡನೆ ಚಲಯಂತ್ರಗಳ ಸಾಲಿನಲ್ಲಿ ಎಣಿಸುತ್ತದೆ. ವ್ಯಾಖ್ಯಾನಕಾರನಾದ ಭಟ್ಟಸ್ವಾಮಿಯ ಪ್ರಕಾರ ಅದು ಕೋಟೆಗೋಡೆಯ ಮೇಲಿರಿಸಿದ, ದಪ್ಪನೆಯ ನೀಳ ಮೊಳೆಗಳು ನಾಟಿದ ದೊಡ್ಡ ಕಂಬ.

ಅನಿರೀಕ್ಷಿತವಾದ ಸಾಕ್ಷ್ಯವೊಂದು ವೈದ್ಯಶಾಸ್ತ್ರದಿಂದ ದೊರೆಯುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಒಂದು ಕಂಠರೋಗಕ್ಕೆ ‘ಶತಘ್ನೀ’ ಎಂದೇ ಹೆಸರು. ಗಂಟಲನ್ನು ಅಡ್ಡಗಟ್ಟಿ ಬತ್ತಿಯಂತೆ ಬೆಳೆದು, ಮೈತುಂಬ ಮಾಂಸಾಂಕುರಗಳಿಂದ ಕೂಡಿದ ಗಡ್ಡೆಯದು, ಅಸಾಧ್ಯವೆನಿಸಿದ ವ್ಯಾಧಿ. ಶತಘ್ನಿಗೆ ಹೋಲುವುದರಿಂದಲೇ ಈ ಹೆಸರೆಂದು ಗ್ರಂಥವು ಸೂಚಿಸುತ್ತದೆ. ಆಯುಧದ ಮೈಮೇಲಿನ ಮುಳ್ಳುಗಳು ಜನರಿಗೆ ಪರಿಚಿತವಾಗಿರದಿದ್ದಲ್ಲಿ ವೈದ್ಯನು ಈ ಹೋಲಿಕೆಯನ್ನು ಆಶ್ರಯಿಸುತ್ತಿರಲಿಲ್ಲ. ಕೊಳವೆಯಾಕಾರದ ಫಿರಂಗಿಗೂ ಇಂಥ ಗಡ್ಡೆಗೂ ಸಾಮ್ಯವಿಲ್ಲ.

ಹಾಗೆಂದು ಎಲ್ಲೆಡೆಯೂ ಒಂದೇ ರೂಪವಿತ್ತೆಂದು ಹೇಳಲಾಗದು. ದ್ರೋಣಪರ್ವದಲ್ಲಿ ಘಟೋತ್ಕಚನು ಎಸೆದ ಚಕ್ರಯುಕ್ತ ಶತಘ್ನಿಯು ಕರ್ಣನ ನಾಲ್ಕು ಕುದುರೆಗಳನ್ನು ಕೊಲ್ಲುತ್ತದೆ. ಕೋಟೆಯ ಮೇಲಿನ ಕಂಬ, ಎಸೆಯುವ ಯಂತ್ರ, ಕೈಯಲ್ಲಿ ಹಿಡಿಯುವ ಗದೆ, ಇವು ಮೂರಕ್ಕೂ ಆ ಹೆಸರು ಸಂದಿದೆ. ಮೇಲಿನ ಯಾವ ಉಲ್ಲೇಖಕ್ಕೂ ಸಿಡಿಮದ್ದಿನ ಅಗತ್ಯವಿಲ್ಲ. ಪೂರ್ವಿಕರ ಯುದ್ಧವಿದ್ಯೆಯ ಹಿರಿಮೆಯನ್ನು ಅರಿಯಬಯಸುವವರು ಅವರು ಬರೆದಿಟ್ಟ ಮಾತುಗಳನ್ನೇ ನಂಬುವುದು ಲೇಸು. ‘ಶತಘ್ನಿ’ ಎಂಬ ಹೆಸರು ಆಯುಧದ ಭೀಕರತೆಯನ್ನು ಮಾತ್ರ ಹೇಳುತ್ತದೆ. ಅದರ ಆಕಾರವನ್ನು ಉಳಿಸಿಕೊಟ್ಟವರು ಕವಿ, ವ್ಯಾಖ್ಯಾನಕಾರ ಮತ್ತು ವೈದ್ಯ.